ಹಾಲ್‌ಬ್ರೂಕ್ ಕೋಟೆಯ ಸುತ್ತು ಮೆಟ್ಟಿಲು

ಲೆಮ್‌ಸ್ಟರ್
ಜೂನ್ ೧೯

ನನ್ನ ಮುದ್ದಿನ ಇಮ್ಮಿ,

ನಾನು ಚೆನ್ನಾಗಿದ್ದೇನೆ. ಮೊಣಕಾಲೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಹೇಳಿದ ಮಾತು ಕೇಳುತ್ತಿದೆ. ಆರ್ಕ್‌ನಿ ದ್ವೀಪದ ಆ ಗಾಳಿಯಲ್ಲಿ ನೀನೂ ನಿನ್ನ ಕುರಿಗಳೂ ನೆಟ್ಟಗೆ ನಿಂತಿದ್ದೀರೆಂದು ನಂಬಿದ್ದೇನೆ.

ನಿನ್ನ ಎರಡು ಕಾಗದಗಳೂ ಬಂದವು. ಫೋನು ಬಡಿದುಕೊಂಡದ್ದೂ ಕೇಳಿಸಿತು, ಬೇಕೆಂದೇ ಎತ್ತಲಿಲ್ಲ. ನೀನು ಕೇಳುವುದು ಒಂದೇ ಪ್ರಶ್ನೆ ಎಂದು ಗೊತ್ತಿತ್ತು: "ಮಾವ ಹೇಳಿದ್ರಾ ಅಮ್ಮಾ?" ಅದಕ್ಕೆ ಹೌದು ಎಂದರೆ ನೀನು ಖುಷಿಪಡುತ್ತಿದ್ದೆ, ಇಲ್ಲ ಎಂದರೆ ನಾನು ಸುಳ್ಳಿಯಾಗುತ್ತಿದ್ದೆ. ಎರಡೂ ಆಗದೆ ಇಷ್ಟು ದಿನ ಕೂತೆ. ತಡವಾದದ್ದಕ್ಕೆ ಬೈಯಬೇಡ, ಪೂರ್ತಿ ಓದಿದ ಮೇಲೆ ಬೈಯುವುದಕ್ಕೆ ಬೇರೆ ಕಾರಣ ಸಿಗುತ್ತದೆ.

ನನ್ನ ಹುಟ್ಟುಹಬ್ಬಕ್ಕೆ ನೀನು ಹಾಲ್‌ಬ್ರೂಕ್ ಕೋಟೆಯ ಟಿಕೆಟ್ ಕಳಿಸಿದಾಗಲೇ, ಇದು ಬರೀ ಕೋಟೆ ನೋಡುವುದಕ್ಕಲ್ಲ ಎಂದು ನನಗೆ ಅನುಮಾನ ಬಂದಿತ್ತು. ಒಬ್ಬಳೇ ಇರುವ ಅಮ್ಮನಿಗೆ ಯಾರಾದರೂ ಇಡೀ ಕುಟುಂಬದ ಟಿಕೆಟ್ ಕಳಿಸುತ್ತಾರೆಯೇ. ಆಮೇಲೆ ನೀನೇ ಬಾಯಿಬಿಟ್ಟೆ: "ಮಾವನ ಹತ್ರ ಮಾತಾಡಿದ್ದೀನಿ ಅಮ್ಮಾ. ಅವತ್ತು ಅವರು ನಿನ್ನ ಹತ್ರ ಕ್ಷಮೆ ಕೇಳ್ತಾರೆ. ನೀನು ದಯವಿಟ್ಟು ಕೇಳಿಸ್ಕೊ, ಅಷ್ಟೇ." ಅಷ್ಟೇ ಎಂದೆಯಲ್ಲ, ಅದೊಂದೇ ನನ್ನಿಂದ ಆಗಲಿಲ್ಲ ಕಣೇ.

ನನಗೂ ನಿನ್ನ ಮಾವನಾದ ನನ್ನ ಅಣ್ಣ ಲೆನ್‌ಗೂ ಎಣ್ಣೆ ಸೀಗೆಕಾಯಿ ಸಂಬಂಧವಾಗಿ ಒಂಬತ್ತು ವರ್ಷವಾಯಿತು. ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ. ನನ್ನ ಸಿಟ್ಟನ್ನು ಬುಡದಿಂದ ಹೇಳದಿದ್ದರೆ ತುದಿ ಸಿಗುವುದಿಲ್ಲ. ನಿನ್ನ ಅಜ್ಜಿ ಕೊನೆಯ ಚಳಿಗಾಲ ಲೆನ್ ಮನೆಯಲ್ಲಿದ್ದಳು. ಎರಡು ಬೀದಿ ಆಚೆ ನಾನಿದ್ದೆ. ದಿನಾ ಸಂಜೆ ಹೋಗಿ ಕೂತು ಬರುತ್ತಿದ್ದೆ. ಆ ರಾತ್ರಿ ಅವಳಿಗೆ ಉಸಿರು ಕಟ್ಟತೊಡಗಿತು. ಲೆನ್‌ಗೂ ಅವನ ಹೆಂಡತಿ ಎನಿಡ್‌ಗೂ ಇದು ಕೊನೆ ಎಂದು ಗೊತ್ತಾಯಿತು. ಆದರೂ ನನಗೆ ಫೋನು ಮಾಡಲಿಲ್ಲ. ಬೆಳಿಗ್ಗೆ ನಾನು ಟೀಗೆ ನೀರಿಡುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತು, "ಅಮ್ಮ ಹೋದ್ಲು ಹೆಸ್. ರಾತ್ರಿ ನಿನಗೆ ಯಾಕೆ ತೊಂದರೆ ಅಂತ ಎಬ್ಬಿಸಲಿಲ್ಲ" ಎಂದ. ತೊಂದರೆ. ಪಕ್ಕದ ಮನೆಯವರಿಂದ ಏಣಿ ಎರವಲು ತರುವಾಗ ಆಡುವ ಮಾತು ಅದು. ಅಂದಿನಿಂದ ಅವನ ಬಾಯಿಂದ ನನಗೆ ಬೇಕಾಗಿದ್ದದ್ದು ಒಂದೇ ಮಾತು. ಅದೊಂದನ್ನು ಅವನು ಆಡಲಿಲ್ಲ, ಬೇರೆ ಯಾವುದನ್ನೂ ನಾನು ಕೇಳಿಸಿಕೊಳ್ಳಲಿಲ್ಲ.

ಇನ್ನು ಆ ದಿನದ ಸಮಾಚಾರ. ರಜೆ ಸೋಮವಾರ ಬೆಳಿಗ್ಗೆ ಲೆನ್ ಕಾರು ತಂದ. ಹಾರ್ನ್ ಬಾರಿಸಲಿಲ್ಲ, ಇಳಿದು ಬಂದು ಬಾಗಿಲು ತಟ್ಟಿದ. ಟೈ ಕಟ್ಟಿದ್ದ. ಪಿಕ್‌ನಿಕ್ಕಿಗೆ ಟೈ ಕಟ್ಟಿ ಬಂದ ಅಣ್ಣನನ್ನು ಕಂಡು ನನಗೆ ಒಳಗೊಳಗೇ ಆಸೆ ಮೊಳೆಯಿತು. ಕಾರಿನಲ್ಲಿ ಎನಿಡ್ ಇದ್ದಳು, ಅವರ ಮೊಮ್ಮಗಳು ಟ್ಯಾಬಿತಾ ಇದ್ದಳು. ಅವಳಿಗೀಗ ಏಳು ವರ್ಷ, ಮುಂದಿನ ಎರಡು ಹಲ್ಲಿಲ್ಲ, ಮಾತಿಗೆ ಮಾತ್ರ ಕೊರತೆಯಿಲ್ಲ.

"ಮುಂದೆ ಕೂತ್ಕೊ ಹೆಸ್, ಕಾಲು ಚಾಚೋಕೆ ಜಾಗ ಇರುತ್ತೆ" ಎಂದಳು ಎನಿಡ್.

"ಪರವಾಗಿಲ್ಲ, ನಾನು ಹಿಂದೇನೇ ಕೂರ್ತೀನಿ."

"ಇಲ್ಲ ಇಲ್ಲ, ನಾನು ಆಗಲೇ ಇಳಿದೆ ನೋಡು."

"ಅಯ್ಯೋ, ನೀನ್ಯಾಕೆ ಇಳಿದೆ, ಕೂತ್ಕೊ."

ಹೀಗೇ ಉಪಚಾರ ನಡೆದು, ಕಡೆಗೆ ನಾವಿಬ್ಬರೂ ಟ್ಯಾಬಿತಾಳನ್ನು ನಡುವೆ ಇಟ್ಟುಕೊಂಡು ಹಿಂದೆ ತುರುಕಿಕೊಂಡೆವು. ಮುಂದಿನ ಸೀಟಿನಲ್ಲಿ ಊಟದ ಬುಟ್ಟಿ ಬೆಲ್ಟು ಹಾಕಿಕೊಂಡು ಆರಾಮಾಗಿ ಬಂತು.

ಕೋಟೆ ತಲುಪುವಷ್ಟರಲ್ಲಿ ಮಳೆ. "ಮಳೆ ಅಲ್ಲ ಇದು, ಸ್ವಲ್ಪ ತೇವ ಅಷ್ಟೆ" ಎಂದ ಲೆನ್, ವೈಪರ್‌ಗಳನ್ನು ಜೋರಾಗಿ ಓಡಿಸುತ್ತಾ. ಕಾರು ನಿಲ್ಲಿಸುವ ಬಯಲಿನ ತುಂಬ ನಮ್ಮಂಥವರೇ, ಗಾಜಿನ ಮೇಲೆ ಹಬೆ ಕಟ್ಟಿಸಿಕೊಂಡು ಒಳಗೆ ಕೂತು ಮೊಟ್ಟೆಯ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ನಾವೂ ತಿಂದೆವು. ಎನಿಡ್ ಫ್ಲಾಸ್ಕಿನ ಟೀ ಬಗ್ಗಿಸಿದಳು. ಲೆನ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ನಾನು ನೋಡಿದ ಕೂಡಲೇ ಕನ್ನಡಿ ಸರಿಪಡಿಸುವವನಂತೆ ನಟಿಸುತ್ತಿದ್ದ.

ಮಧ್ಯಾಹ್ನ ಬಿಸಿಲು ಬಂತು. ತೋಟದಲ್ಲಿ ಎನಿಡ್ ಉಪಾಯವಾಗಿ ಟ್ಯಾಬಿತಾಳನ್ನು ನವಿಲು ತೋರಿಸುವೆನೆಂದು ಮುಂದೆ ಕರೆದುಕೊಂಡು ಹೋದಳು. ನಾನೂ ಲೆನ್ನೂ ಹಿಂದೆ ಉಳಿದೆವು. ಗುಲಾಬಿ ಸಾಲಿನ ಹತ್ತಿರ ಅವನು ಗಂಟಲು ಸರಿಮಾಡಿಕೊಂಡ.

"ಹೆಸ್."

"ಏನು?"

"ಈ ಗಿಡಕ್ಕೆ ಹೇನು ಹತ್ತಿದೆ ನೋಡು."

ಕಂದಕದ ಸೇತುವೆಯ ಮೇಲೆ ಮತ್ತೆ ನಿಂತ. ಈ ಸಲ ಟೋಪಿಯನ್ನೂ ತೆಗೆದ. ನನ್ನ ಎದೆ ಡವಗುಟ್ಟಿತು ಎಂದರೆ ನಗಬೇಡ. "ಹೆಸ್, ಅವತ್ತು..." ಎಂದ. ಅಷ್ಟರಲ್ಲಿ ಹಿಂದಿನಿಂದ ಒಂದು ಸಂಸಾರ ಬಂತು. ನಾವು ಅವರಿಗೆ ಸಾರಿ ಎಂದೆವು, ಅವರು ನಮಗೆ ಸಾರಿ ಎಂದರು, ಅವರ ನಾಯಿಯ ಪರವಾಗಿ ಇನ್ನೊಂದು ಸಾರಿ ಎಂದರು. ಎಲ್ಲರೂ ದಾಟಿ ಹೋದ ಮೇಲೆ ಲೆನ್ ಟೋಪಿ ಹಾಕಿಕೊಂಡು, "ಬಾತುಕೋಳಿಗಳು ಈ ವರ್ಷ ಕಮ್ಮಿ ಅಲ್ವಾ" ಎಂದ. ಕಂಬಕ್ಕೆ ಡಿಕ್ಕಿ ಹೊಡೆದರೆ ಕಂಬಕ್ಕೂ ಸಾರಿ ಹೇಳುವ ಜನ ನಾವು. ಹೇಳಬೇಕಾದ ಕಡೆ ಮಾತ್ರ ನಾಲಿಗೆ ಒಣಗುತ್ತದೆ.

ಆಮೇಲೆ ಬುರುಜು. ತಾತನನ್ನು ತುದಿಯವರೆಗೆ ಎಳೆದುಕೊಂಡು ಹೋಗಲೇಬೇಕೆಂದು ಟ್ಯಾಬಿತಾ ಹಟ ಹಿಡಿದಳು. ಅವರಿಬ್ಬರೂ ಮೇಲೆ ಹೋದರು, ಎನಿಡ್ ಕೆಳಗೆ ಸಸಿ ಮಾರುವ ಮೇಜಿನ ಹತ್ತಿರ ಉಳಿದಳು. ನಾನು ಸ್ವಲ್ಪ ಹೊತ್ತು ಕಾದು, ನಿಧಾನವಾಗಿ ಹತ್ತತೊಡಗಿದೆ. ಆ ಸುತ್ತು ಮೆಟ್ಟಿಲು ಒಬ್ಬರು ಹೋಗುವಷ್ಟೇ ಅಗಲ. ಹತ್ತುವವರೂ ಇಳಿಯುವವರೂ ಅದರಲ್ಲೇ. ಗೋಡೆಗುಂಟ ಕಟ್ಟಿದ ಹಗ್ಗ ಹಿಡಿದು, ಎದುರು ಯಾರಾದರೂ ಬಂದರೆ ಗೋಡೆಗೆ ಹಲ್ಲಿಯಂತೆ ಅಂಟಿಕೊಳ್ಳಬೇಕು. ಸಾರಿ ಸಾರಿ ಎಂದು ಒಂದು ಹೆಂಗಸು ಇಳಿದಳು. ಸಾರಿ ಎಂದು ಇಬ್ಬರು ಹುಡುಗಿಯರು ಇಳಿದರು. ಹಿಂದೆಯೇ ಟ್ಯಾಬಿತಾ ನನ್ನ ಕಂಕುಳ ಕೆಳಗೆ ನುಸುಳಿ ಓಡಿದಳು. ಅವಳ ಹಿಂದೆ ಲೆನ್.

ಅವನು ನನಗಿಂತ ಒಂದು ಮೆಟ್ಟಿಲು ಮೇಲೆ ನಿಂತ. ಕತ್ತಲಿತ್ತು, ಮುಖ ಕಾಣುತ್ತಿರಲಿಲ್ಲ.

"ಸಾರಿ, ಹೆಸ್" ಎಂದ.

"ಪರವಾಗಿಲ್ಲ" ಎಂದು ನಾನು ಗೋಡೆಗೆ ಒತ್ತಿಕೊಂಡೆ.

ಅವನು ಸರಿಯಲಿಲ್ಲ. ಹಗ್ಗದ ಮೇಲಿದ್ದ ನನ್ನ ಕೈಯ ಮೇಲೆ ಕೈಯಿಟ್ಟ. ಆಯ ತಪ್ಪಿತೇನೋ, ಹಿಡಿದುಕೊಳ್ಳಲಿ ಎಂದುಕೊಂಡೆ.

"ನಿಜವಾಗ್ಲೂ ಪರವಾಗಿಲ್ವಾ?"

"ಹೌದಪ್ಪ, ಅದಕ್ಕೇನಂತೆ. ಹೋಗು, ಹಿಂದೆ ಜನ ನಿಂತಿದ್ದಾರೆ."

ಅವನು ಇಳಿದು ಹೋದ. ನಾನು ತುದಿಗೆ ಹೋಗಿ ಊರು, ಹೊಲ, ಕುರಿ ಎಲ್ಲ ನೋಡಿದೆ. ಇಷ್ಟು ದೂರ ಬಂದೂ ಅವನ ಬಾಯಿಂದ ಆ ಮಾತು ಹೊರಡಲಿಲ್ಲವಲ್ಲ ಎಂದು ಕುದಿಯುತ್ತಾ ನೋಡಿದೆ. ನಿನ್ನ ಅಮ್ಮ ಎಂಥ ಜಾಣೆ ನೋಡು.

ಕೆಳಗೆ ಬಂದರೆ ಅವನು ಬೇರೆಯೇ ಮನುಷ್ಯನಾಗಿದ್ದ. ಟೈ ಸಡಿಲ ಮಾಡಿದ್ದ, ಸಿಳ್ಳೆ ಹಾಕುತ್ತಿದ್ದ. ಟೀ ಅಂಗಡಿಯ ಉದ್ದನೆಯ ಸಾಲಿನಲ್ಲಿ ಮುಂದೆ ನಿಂತವರಿಗೂ ಹಿಂದೆ ನಿಂತವರಿಗೂ ಜೋಕು ಹೇಳಿದ. ಬಿಸಿ ಸ್ಕೋನು, ಜಾಮು, ಕೆನೆ ಹೊತ್ತು ತಂದು ಮೇಜಿನ ಮೇಲಿಟ್ಟು, "ತಗೋ ಬಾತು, ನಿನಗೆ ದೊಡ್ಡದು" ಎಂದ. ನಾನು ಚಿಕ್ಕವಳಿದ್ದಾಗ ಬಾತುಕೋಳಿಯಂತೆ ನಡೆಯುತ್ತಿದ್ದೆನೆಂದು ಅವನು ಇಟ್ಟ ಹೆಸರು ಅದು. ಅಮ್ಮ ಸತ್ತ ಮೇಲೆ ಕರೆದಿರಲಿಲ್ಲ. ಈಗ ಯಾವ ಮುಖ ಇಟ್ಟುಕೊಂಡು ಕರೆಯುತ್ತಾನೆ ಎಂದು ನಾನು ಆ ತಟ್ಟೆಯನ್ನು ಎನಿಡ್ ಕಡೆಗೆ ತಳ್ಳಿದೆ.

ಟ್ಯಾಬಿತಾ ಮೂಗಿನ ಮೇಲೆ ಕೆನೆ ಅಂಟಿಸಿಕೊಂಡು ಕೇಳಿದಳು, "ತಾತ, ನೀನು ಯಾಕೆ ಹೆಸ್ ಅಜ್ಜಿ ಮನೆಗೆ ಹೋಗಲ್ಲ?"

"ಇನ್ಮೇಲೆ ಹೋಗ್ತೀನಿ ಪುಟ್ಟಿ" ಎಂದ ಲೆನ್, ನನ್ನನ್ನು ನೋಡಿ ನಗುತ್ತಾ. "ಏನೋ ಸ್ವಲ್ಪ ಇತ್ತು. ಈಗ ಎಲ್ಲಾ ಸರಿಹೋಯ್ತು."

ಇಮ್ಮಿ, ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನೀನು ಸಣ್ಣವಳಿದ್ದಾಗಿನಿಂದ ಹೇಳುತ್ತಿದ್ದೆ. ಅಂದು ಮೂಗನ್ನೂ ದಾಟಿತು. ನಾನು ಎದ್ದು ನಿಂತೆನಂತೆ. ನಿಂತದ್ದು ನನಗೆ ನೆನಪಿಲ್ಲ, ಎನಿಡ್ ಹೇಳಿದ್ದು.

"ಸರಿಹೋಯ್ತಾ? ಏನು ಸರಿಹೋಯ್ತು? ಅಮ್ಮನ ಸಾವನ್ನ ನನ್ನಿಂದ ಕದ್ದವನು ನೀನು. ಹೆತ್ತ ತಾಯಿ ಕೈ ಹಿಡಿದು ಕೂರೋದನ್ನ ತೊಂದರೆ ಅಂದೆ. ಒಂದು ಮಾತು ಹೇಳೋ ಯೋಗ್ಯತೆ ಇಲ್ಲ, ಸ್ಕೋನ್ ತಿನ್ನಿಸಿ ಸರಿಮಾಡೋಕೆ ಬಂದಿದ್ದೀಯಾ?"

ಅಂಗಡಿಯಲ್ಲಿದ್ದವರೆಲ್ಲ ತಮ್ಮ ಕಪ್ಪಿನೊಳಗೆ ಇಣುಕಿ, ಚಮಚದ ಸದ್ದಾಗದಂತೆ ಟೀ ಕಲಕತೊಡಗಿದರು. ಇಂಥ ಹೊತ್ತಿನಲ್ಲಿ ಕುರುಡರಾಗುವುದು ನಮ್ಮ ಜನಕ್ಕೆ ಹುಟ್ಟಿನಿಂದ ಬಂದ ವಿದ್ಯೆ. ಟ್ಯಾಬಿತಾ ಎನಿಡ್‌ಳ ತೋಳಿಗೆ ಮುಖ ಒತ್ತಿಕೊಂಡಳು. ಲೆನ್ ಚಾಕುವನ್ನು ತಟ್ಟೆಯ ಪಕ್ಕ ನೇರವಾಗಿ ಇಟ್ಟ.

"ಆಯ್ತು" ಎಂದ. "ಕಾರು ಬಾಗಿಲಿಗೆ ತರ್ತೀನಿ."

ವಾಪಸು ಬರುವಾಗ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು, ಯಾರೂ ಉಪಚಾರ ಮಾಡಲಿಲ್ಲ. ಎನಿಡ್ ಕೊಂಡ ಸಸಿಗಳಿಗೆ ಎಷ್ಟು ಬಿಸಿಲು ಬೇಕು ಎಂಬ ವಿಷಯ ದಾರಿಯುದ್ದಕ್ಕೂ ನಡೆಯಿತು. ನನ್ನ ಮನೆಯ ಮುಂದೆ ಲೆನ್ ಇಳಿದು ಬಾಗಿಲು ತೆರೆದು, "ಮೆಟ್ಟಿಲು ಜಾರುತ್ತೆ, ನೋಡ್ಕೊಂಡು" ಎಂದಷ್ಟೇ ಹೇಳಿದ. ನಾನು ಗೆದ್ದೆ ಎಂದುಕೊಂಡು ಒಳಗೆ ಬಂದೆ.

ಮುಂದಿನ ವಾರ ಎನಿಡ್ ಬಂದಳು, ಕಾರಿನಲ್ಲಿ ಬಿಟ್ಟಿದ್ದ ನನ್ನ ಸ್ವೆಟರ್ ಹಿಡಿದುಕೊಂಡು. ಟೀ ಬೇಡ ಎಂದಳು. ಎನಿಡ್ ಟೀ ಬೇಡ ಎಂದರೆ ಏನೋ ಕೆಟ್ಟದ್ದಿದೆ ಎಂದೇ ಅರ್ಥ.

"ಅವನಿಂದ ಇನ್ನೇನು ಬೇಕಿತ್ತು ಹೆಸ್ ನಿನಗೆ?" ಎಂದಳು. "ಹೇಳಿದನಲ್ಲ."

"ಏನು ಹೇಳಿದ? ಹೇನು, ಬಾತುಕೋಳಿ, ಅಷ್ಟೇ ಹೇಳಿದ್ದು."

"ಮೆಟ್ಟಿಲ ಮೇಲೆ ಹೇಳಿದನಲ್ಲೇ. ಅಲ್ಲಿಂದ ಇಳಿದು ಬಂದವನೇ ನನ್ನ ತೋಳು ಹಿಡ್ಕೊಂಡ. 'ಹೇಳಿಬಿಟ್ಟೆ ಕಣೆ. ಪರವಾಗಿಲ್ಲ ಅಂದ್ಲು. ಎರಡು ಸಲ ಕೇಳಿದೆ, ಎರಡು ಸಲಾನೂ ಅದನ್ನೇ ಅಂದ್ಲು' ಅಂದ. ಟೈನಲ್ಲಿ ಕಣ್ಣೊರೆಸ್ಕೊಂಡ. ಮುಖ ಕಾಣದ ಕಡೆ ಆದ್ರೆ ಹೇಳಬಲ್ಲೆ ಅಂತ ಅವನು ಬೆಳಿಗ್ಗೆಯಿಂದ ಕತ್ತಲೆ ಜಾಗ ಹುಡುಕ್ತಿದ್ದ ಹೆಸ್."

ನಮ್ಮ ನಾಲಿಗೆಯಲ್ಲಿ ದಾರಿ ಬಿಡು ಎನ್ನುವುದಕ್ಕೂ ಮನ್ನಿಸು ಎನ್ನುವುದಕ್ಕೂ ಒಂದೇ ಮಾತು ಇಟ್ಟವರು ಯಾರು ಹೇಳು. ಇಡೀ ದಿನ ನಾನು ಕಿವಿ ನೆಟ್ಟಗೆ ಮಾಡಿಕೊಂಡು ಕಾದದ್ದು ಆ ಮಾತಿಗೇ. ಬಂದಾಗ ದಾರಿ ಬಿಟ್ಟು ನಿಂತೆ.

ಮಾರನೆಯ ದಿನವೇ ಊರಾಚೆಯ ಅವನ ತರಕಾರಿ ತೋಟಕ್ಕೆ ಹೋದೆ. ಅವನು ಬೀನ್ಸ್ ಬಳ್ಳಿಗೆ ಕೋಲು ಕಟ್ಟುತ್ತಿದ್ದ. ತಲೆಯೆತ್ತಿ, ಯಾರೋ ಪರಿಚಯದವರನ್ನು ಕಂಡಂತೆ ಮರ್ಯಾದೆಯಿಂದ ನಕ್ಕ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

"ಲೆನ್, ಮೆಟ್ಟಿಲ ಮೇಲೆ ನೀನು ಹೇಳಿದ್ದು ನನಗೆ ಅರ್ಥ ಆಗಿರಲಿಲ್ಲ. ದಾರಿ ಕೇಳ್ತಿದ್ದೀಯ ಅಂದ್ಕೊಂಡೆ."

"ಯಾವ ಮೆಟ್ಟಿಲು?"

"ಹಾಗನ್ನಬೇಡ ಲೆನ್."

ಅವನು ದಾರವನ್ನು ಗಂಟು ಹಾಕಿ, ಬಿಚ್ಚಿ, ಮತ್ತೆ ಹಾಕಿದ.

"ಟೀ ಅಂಗಡಿಯಲ್ಲಿ ಆಡಿದ್ದಕ್ಕೆ ನಾನು..." ಎಂದು ಶುರುಮಾಡಿದೆ. ಅವನು ಕೈಯೆತ್ತಿ ತಡೆದ.

"ಬೇಡ ಹೆಸ್. ಅದನ್ನ ಒಂದು ಸಲ ಹೇಳೋಕೆ ನನಗೆ ಇಷ್ಟು ವರ್ಷ ಬೇಕಾಯ್ತು. ಹೇಳಿದ ಮೇಲೆ ಅರ್ಧ ಗಂಟೆ ಎಷ್ಟು ಹಗುರಾಗಿದ್ದೆ ಗೊತ್ತಾ. ನಿನ್ನ ಮನೆಗೆ ಭಾನುವಾರ ಊಟಕ್ಕೆ ಬರೋದು, ಏನು ತರೋದು, ಎಲ್ಲಾ ಯೋಚನೆ ಮಾಡಿಬಿಟ್ಟಿದ್ದೆ. ಇನ್ನೊಂದು ಸಲ ಅಷ್ಟು ದೂರ ಹತ್ತಿ ಇಳಿಯೋಕೆ ನನ್ನ ಕೈಲಾಗಲ್ಲ."

"ಹತ್ತೋದು ಬೇಡ. ಭಾನುವಾರ ಬಾ, ಸಾಕು."

"ನೋಡೋಣ" ಎಂದ. ನಮ್ಮ ಮನೆತನದಲ್ಲಿ ನೋಡೋಣ ಎಂದರೆ ಏನೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಆಮೇಲೆ ಒಂದು ಚೀಲದ ತುಂಬ ಸೊಪ್ಪು ಕಿತ್ತು ಕೊಟ್ಟ. ಎರಡು ಭಾನುವಾರ ಮೇಜಿನ ಮೇಲೆ ಅವನಿಗೂ ತಟ್ಟೆ ಇಟ್ಟೆ. ಬರಲಿಲ್ಲ. ಎನಿಡ್ ಫೋನು ಮಾಡಿ, ಅವನಿಗೆ ಸ್ವಲ್ಪ ನೆಗಡಿ ಎಂದಳು. ಎರಡನೆಯ ಸಲವೂ ನೆಗಡಿಯೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ. ನಾನು ಒಂದೇ ಮಧ್ಯಾಹ್ನ ಎರಡನ್ನೂ ಮಾಡಿ ಬಂದೆ. ನೀನು ಅಷ್ಟು ದೂರದಿಂದ ನಮ್ಮಿಬ್ಬರನ್ನೂ ಒಂದು ಕಡೆ ಸೇರಿಸಲು ಪಟ್ಟ ಪಾಡು ನೆನೆದು ಸಂಕಟವಾಗುತ್ತದೆ. ಟಿಕೆಟ್ಟಿಗೆ ಥ್ಯಾಂಕ್ಸ್ ಹೇಳುವುದನ್ನೂ ಮರೆತಿದ್ದೆ. ತೋಟ ನಿಜವಾಗಿಯೂ ಚೆನ್ನಾಗಿತ್ತು.

ಉಣ್ಣೆಯ ಕಾಲುಚೀಲ ಬೇರೆ ಕಟ್ಟಿನಲ್ಲಿ ಕಳಿಸಿದ್ದೇನೆ. ಎಡಗಾಲಿನದು ಸ್ವಲ್ಪ ದೊಡ್ಡದಾಗಿದೆ, ಬೂಟಿನೊಳಗೆ ಯಾರಿಗೂ ಕಾಣುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಗಾಳಿಯಲ್ಲಿ ತಲೆಗೆ ಏನಾದರೂ ಕಟ್ಟಿಕೋ. ದೇವರು ನಿನ್ನನ್ನೂ ನಿನ್ನ ಮಂದೆಯನ್ನೂ ಬೆಚ್ಚಗೆ ಇಟ್ಟಿರಲಿ. ನಿನ್ನ ಮಾತನ್ನು ಕೇಳಿಸಿಕೊಳ್ಳುವವರು ಯಾವಾಗಲೂ ನಿನ್ನ ಹತ್ತಿರ ಇರಲಿ.

ನಿನ್ನ ಅಮ್ಮ,
ಹೆಸ್ಟರ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಎನಿಡ್ ಅಂದು ಹೊರಟು ಬಾಗಿಲವರೆಗೂ ಹೋದವಳು ವಾಪಸು ಬಂದು ಇನ್ನೊಂದು ಮಾತು ಹೇಳಿದಳು. ಯಾವತ್ತೂ ಹೇಳಕೂಡದೆಂದು ಲೆನ್ ಅವಳಿಂದ ಆಣೆ ಮಾಡಿಸಿಕೊಂಡಿದ್ದನಂತೆ. ಆ ರಾತ್ರಿ ಅವನು ನನಗೆ ಫೋನು ಮಾಡಲು ಎದ್ದಿದ್ದನಂತೆ. ಅಮ್ಮನೇ ಅವನ ಕೈ ಹಿಡಿದು ತಡೆದಳಂತೆ. "ಹೆಸ್ ಬೇಡ ಲೆನ್. ಅವಳು ಬಂದ್ರೆ ಅತ್ತು ಕರೆದು ಗಲಾಟೆ ಮಾಡ್ತಾಳೆ. ನಂಗೆ ನೆಮ್ಮದಿಯಾಗಿ ಹೋಗ್ಬೇಕು" ಎಂದಳಂತೆ. ಈ ಮಾತು ನನ್ನ ಕಿವಿಗೆ ಬೀಳಬಾರದೆಂದೇ ಅವನು ತೊಂದರೆ ಗಿಂದರೆ ಎಂದು ಒಂದು ಕಥೆ ಕಟ್ಟಿ, ಇಷ್ಟು ವರ್ಷ ನನ್ನ ಬೈಗುಳವನ್ನೆಲ್ಲ ತಿಂದುಕೊಂಡು ಬಂದ. ನನಗೆ ಗೊತ್ತಾಗಿದೆ ಎಂದು ತೋಟದಲ್ಲಿ ನಾನು ಅವನಿಗೆ ಹೇಳಲಿಲ್ಲ. ನೀನೂ ಹೇಳಬೇಡ, ಅದೊಂದನ್ನಾದರೂ ಅವನು ಕಾಪಾಡಿದ್ದೇನೆಂದು ತಿಳಿದುಕೊಂಡಿರಲಿ. ಅಮ್ಮ ನನ್ನನ್ನು ಚೆನ್ನಾಗಿ ಬಲ್ಲವಳು, ಅವಳು ಹೆದರಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ನನ್ನನ್ನು ಕರೆಯಬೇಕಿತ್ತು ಇಮ್ಮಿ. ನಾನು ಸುಮ್ಮನೆ ಕೂತಿರುತ್ತಿದ್ದೆ. ಬೇಕಾದರೆ ಬಾಯಿಗೆ ಕರವಸ್ತ್ರ ತುರುಕಿಕೊಂಡಾದರೂ ಸುಮ್ಮನೆ ಕೂತಿರುತ್ತಿದ್ದೆ.